ಹೆರಿಗೆ ಡಾಕ್ಟರ ಬಂಗಾರದ ಲೆಕ್ಕ

ಅಮೆರಿಕದ ಸಂಸತ್ ಸದಸ್ಯರು ವರ್ಷಕ್ಕೊಮ್ಮೆ, ಮೇ ತಿಂಗಳ ನಡುಭಾಗದ ಹೊತ್ತಿಗೆ, ತಮ್ಮ ಆಸ್ತಿಪಾಸ್ತಿಯ ವಿವರವನ್ನು ಒಂದು ನಮೂನೆಯಲ್ಲಿ ತುಂಬಿ ಕೊಡಬೇಕು. ಓದಲು ಕೂತರೆ ಆಕಳಿಕೆ ಬರಿಸುವ ಕಾಗದ ಅದು. ಇಷ್ಟೇ ಇದೆ ಎಂದು ಖಚಿತ ಮೊತ್ತ ಬರೆಯಬೇಕಿಲ್ಲ. 1,001ರಿಂದ 15,000 ಡಾಲರ್, 15,001ರಿಂದ 50,000 ಡಾಲರ್ ಎಂಬಂಥ ಖಾನೆಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಸಾಕು. ಸದಸ್ಯರ ಪಕ್ಷ ಯಾವುದೇ ಇರಲಿ, ನಮೂನೆಗಳು ಮಾತ್ರ ಹೆಚ್ಚುಕಡಿಮೆ ಒಂದೇ ಥರ: ಒಂದಿಷ್ಟು ಮ್ಯೂಚುವಲ್ ಫಂಡು, ಒಂದಿಷ್ಟು ಬಾಂಡು, ಹೆಸರಾಂತ ಕಂಪನಿಗಳ ಷೇರು, ಬಾಡಿಗೆಗೆ ಕೊಟ್ಟ ಮನೆ. ಟೆಕ್ಸಸ್‌ನ ರಾನ್ ಪಾಲ್ ಸಲ್ಲಿಸುತ್ತಿದ್ದ ನಮೂನೆ ಮಾತ್ರ ಬೇರೆಯೇ ಇತ್ತು. ಬ್ಯಾರಿಕ್ ಗೋಲ್ಡ್, ಗೋಲ್ಡ್‌ಕಾರ್ಪ್, ನ್ಯೂಮಾಂಟ್ ಮೈನಿಂಗ್ ಎಂದು ಪುಟ ತಿರುಗಿಸಿದಷ್ಟೂ ಗಣಿ. ಚಿನ್ನದ್ದು ಮುಗಿದರೆ ಬೆಳ್ಳಿಯದು.

2011ರ ಡಿಸೆಂಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಆ ನಮೂನೆಯನ್ನು ಕೂಡಿ ಕಳೆದು ನೋಡಿತು. ಒಟ್ಟು ಆಸ್ತಿ 24.4 ಲಕ್ಷ ಡಾಲರ್‌ನಿಂದ 54.6 ಲಕ್ಷ ಡಾಲರ್ ನಡುವೆ ಎಲ್ಲೋ ಇತ್ತು. ಅದರಲ್ಲಿ ಸುಮಾರು ಶೇ. 64 ಚಿನ್ನ-ಬೆಳ್ಳಿ ಗಣಿಗಳ ಷೇರು, ಶೇ. 21 ಜಮೀನು-ಕಟ್ಟಡ, ಶೇ. 14 ನಗದು. ಬಾಂಡ್ ಒಂದೂ ಇಲ್ಲ. ಪತ್ರಿಕೆ ಈ ಪಟ್ಟಿಯನ್ನು ವಿಲಿಯಂ ಬರ್ನ್‌ಸ್ಟೈನ್ ಎಂಬ ಹೂಡಿಕೆ ಸಲಹೆಗಾರರ ಮುಂದಿಟ್ಟಿತು. ಅವರೂ ಮೂಲತಃ ವೈದ್ಯರೇ, ನರರೋಗ ತಜ್ಞರು. ನೆಲಮಾಳಿಗೆಯಲ್ಲಿ ಡಬ್ಬಿ ಆಹಾರ, ಮದ್ದುಗುಂಡು ತುಂಬಿಟ್ಟುಕೊಂಡು ಕೂರುವುದಕ್ಕೆ ಇನ್ನರ್ಧ ಹೆಜ್ಜೆ ಬಾಕಿ ಎಂಬರ್ಥದಲ್ಲಿ ಅವರು ನಕ್ಕರು.

ಆಗ ಪಾಲ್ ಅವರಿಗೆ 76 ವರ್ಷ. ಅಧ್ಯಕ್ಷ ಪದವಿಗೆ ಮೂರನೇ ಸಲ ಕಣದಲ್ಲಿದ್ದರು. ಅದಕ್ಕೂ ಹಿಂದೆ ನಾಲ್ಕು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. ಡಾಲರ್ ಎಂಬುದು ಬೆನ್ನಿಗೆ ಏನೂ ಇಲ್ಲದ ಬರೀ ಕಾಗದ, ಒಂದು ದಿನ ಅದು ಕುಸಿದೇ ಕುಸಿಯುತ್ತದೆ ಎಂದು ನಲವತ್ತು ವರ್ಷದಿಂದ ಸಾರುತ್ತ ಬಂದವರು. ಭಾಷಣದಲ್ಲಿ ಒಂದು, ಬ್ಯಾಂಕ್ ಖಾತೆಯಲ್ಲಿ ಇನ್ನೊಂದು ಇಟ್ಟುಕೊಂಡ ರಾಜಕಾರಣಿಗಳನ್ನು ಎಲ್ಲ ದೇಶದವರೂ ಕಂಡಿದ್ದಾರೆ. ಇಲ್ಲಿ ಭಾಷಣವೇ ಖಾತೆಗೂ ಇಳಿದಿತ್ತು.

ಅದರ ಬೇರು ಹುಡುಕಲು ಪಿಟ್ಸ್‌ಬರ್ಗ್‌ಗೆ ಹೋಗಬೇಕು. 1935ರ ಆಗಸ್ಟ್ 20ರಂದು ಅಲ್ಲಿ ಹುಟ್ಟಿದ ರಾನ್, ಐವರು ಗಂಡುಮಕ್ಕಳಲ್ಲಿ ಮೂರನೆಯವರು. ತಂದೆಯದು ಸಣ್ಣ ಡೈರಿ. 1930ರ ದಶಕದ ಆರ್ಥಿಕ ಮಹಾಕುಸಿತ ಇನ್ನೂ ಮುಗಿದಿರಲಿಲ್ಲ. ಮನೆಯ ಮಕ್ಕಳೆಲ್ಲ ಕೆಲಸಕ್ಕೆ ಇಳಿಯಲೇಬೇಕಿತ್ತು. ಪಾಲ್ ಹೇಳಿಕೊಂಡಿರುವಂತೆ ಐದನೇ ವಯಸ್ಸಿಗೆ ಅವರ ಕೆಲಸ ಬಾಟಲಿ ನೋಡುವುದು. ತೊಳೆದು ಬಂದ ಹಾಲಿನ ಬಾಟಲಿಗಳಲ್ಲಿ ಕೊಳೆ ಉಳಿದದ್ದನ್ನು ಹಿಡಿದರೆ ಬಾಟಲಿಗೊಂದು ಸೆಂಟು. ಯಾವ ಚಿಕ್ಕಪ್ಪ ತೊಳೆಯುವ ದಿನ ಹೆಚ್ಚು ಸೆಂಟು ಸಿಗುತ್ತದೆ ಎಂಬುದು ಹುಡುಗರಿಗೆ ಬೇಗ ತಿಳಿದುಹೋಯಿತಂತೆ. ಸರ್ಕಾರದ ಖರ್ಚಿನಲ್ಲಿ ಕೊಳೆ ಹುಡುಕುವ ಕಸುಬು ಅಲ್ಲೇ ಶುರುವಾಯಿತು ಎಂದು ಅಭಿಮಾನಿಗಳು ಹೇಳಬಹುದು. ಸೆಂಟಿನ ಬೆಲೆ ಬಲ್ಲ ಮನೆ ಎಂಬುದಂತೂ ನಿಜ.

ಶಾಲೆಯಲ್ಲಿ ಓಟಗಾರ, ಗೆಟಿಸ್‌ಬರ್ಗ್ ಕಾಲೇಜಿನಲ್ಲಿ ಜೀವಶಾಸ್ತ್ರ, 1957ರಲ್ಲಿ ಕ್ಯಾರಲ್ ವೆಲ್ಸ್ ಜೊತೆ ಮದುವೆ, 1961ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನ ಸಮಯದಲ್ಲಿ ಸೇನೆಯ ಕರೆ ಬಂತು. 1963ರಿಂದ ಎರಡು ವರ್ಷ ವಾಯುಪಡೆಯ ವೈದ್ಯ. ಆಮೇಲೆ ಪಿಟ್ಸ್‌ಬರ್ಗ್‌ಗೆ ಮರಳಿ ಪ್ರಸೂತಿ ತಜ್ಞರಾದರು. ಈ ನಡುವೆ ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಹಾಯೆಕ್ ಬರೆದ ಪುಸ್ತಕ ಕೈಗೆ ಸಿಕ್ಕಿತು. ಅಲ್ಲಿಂದ ಅವರ ದಿಂಬಿನ ಪಕ್ಕ ವೈದ್ಯಗ್ರಂಥದ ಜೊತೆ ಅರ್ಥಶಾಸ್ತ್ರವೂ ಸೇರಿತು.

1968ರಲ್ಲಿ ಸಂಸಾರ ಟೆಕ್ಸಸ್‌ನ ಲೇಕ್ ಜಾಕ್ಸನ್‌ಗೆ ಬಂತು. ಗಲ್ಫ್ ಕರಾವಳಿಯ ಹತ್ತಿರದ ಈ ಊರು 1940ರ ದಶಕದಲ್ಲಿ ಡೌ ರಾಸಾಯನಿಕ ಕಂಪನಿ ತನ್ನ ನೌಕರರಿಗಾಗಿ ಕಟ್ಟಿಸಿದ್ದು. ನಕ್ಷೆ ಹಾಕಿದ ವಾಸ್ತುಶಿಲ್ಪಿ ಆಲ್ಡನ್ ಡೌ ಹಾಸ್ಯಪ್ರಿಯ ಮನುಷ್ಯನಿರಬೇಕು. ಅಲ್ಲಿ ಒಂದು ರಸ್ತೆಯ ಹೆಸರು ‘ದಿಸ್ ವೇ’, ಇನ್ನೊಂದರದು ‘ದ್ಯಾಟ್ ವೇ’. ಕಾರ್ಖಾನೆಯ ಊರು, ಎಳೆಯ ದಂಪತಿಗಳು, ತುಂಬಿದ ಬಸುರಿಯರು; ಹೆರಿಗೆ ತಜ್ಞರಿಗೋ ಬರ. ಪಾಲ್ ಬಂದ ದಿನದಿಂದಲೇ ಕೈತುಂಬ ಕೆಲಸ.

ಆದರೆ ಆ ಚಿಕಿತ್ಸಾಲಯಕ್ಕೆ ಒಂದು ಕಟ್ಟಳೆ ಇತ್ತು. 1965ರಲ್ಲಿ ವೃದ್ಧರಿಗೂ ಬಡವರಿಗೂ ಸರ್ಕಾರವೇ ಚಿಕಿತ್ಸೆಯ ಖರ್ಚು ಕೊಡುವ ಮೆಡಿಕೇರ್, ಮೆಡಿಕೇಡ್ ಯೋಜನೆಗಳು ಬಂದಿದ್ದವು. ದೇಶದ ವೈದ್ಯರು ಮೊದಲು ಗೊಣಗಿದರು, ಆಮೇಲೆ ಆ ಹಣಕ್ಕೆ ಒಗ್ಗಿಕೊಂಡರು. ಪಾಲ್ ಆ ಹಣ ಮುಟ್ಟಲಿಲ್ಲ. ಕೊಡಲಾಗದ ಹೆಂಗಸು ಬಂದರೆ ಫೀಸು ಇಳಿಸುವುದು, ಅದೂ ಆಗದಿದ್ದರೆ ಪುಕ್ಕಟೆ ಹೆರಿಗೆ ಮಾಡಿಸುವುದು; ಸರ್ಕಾರಕ್ಕೆ ಬಿಲ್ಲು ಮಾತ್ರ ಕಳಿಸುವಂತಿಲ್ಲ. ತಮ್ಮ ಮಕ್ಕಳ ಕಾಲೇಜಿಗೂ ಕೇಂದ್ರ ಸರ್ಕಾರದ ಸಾಲ ಪಡೆಯಲು ಒಪ್ಪಲಿಲ್ಲ. ಊರಿಗೆ ಒಬ್ಬರಿಬ್ಬರೇ ತಜ್ಞರಿದ್ದು, ಸುತ್ತ ಸಂಬಳದ ಕುಟುಂಬಗಳೇ ತುಂಬಿರುವಾಗ ಇಂಥ ವ್ರತ ನಡೆಸುವುದು ಅಷ್ಟೇನೂ ಕಷ್ಟವಲ್ಲ ಎಂದು ಟೀಕಿಸಿದರೆ ತಪ್ಪಿಲ್ಲ. ಆದರೂ ವ್ರತ ವ್ರತವೇ, ಮುರಿಯಲಿಲ್ಲ.

ಈ ಹೊತ್ತಿನಲ್ಲಿ ಬಂತು 1971ರ ಆಗಸ್ಟ್ 15. ಭಾನುವಾರ ರಾತ್ರಿ ಅಧ್ಯಕ್ಷ ನಿಕ್ಸನ್ ಟೆಲಿವಿಷನ್‌ನಲ್ಲಿ ಕಾಣಿಸಿಕೊಂಡು ಎರಡು ಮಾತು ಹೇಳಿದರು. ತೊಂಬತ್ತು ದಿನ ಸಂಬಳ ಏರುವಂತಿಲ್ಲ, ಬೆಲೆ ಏರುವಂತಿಲ್ಲ. ಇನ್ನು ಮುಂದೆ ವಿದೇಶಿ ಕೇಂದ್ರ ಬ್ಯಾಂಕುಗಳು ಡಾಲರ್ ತಂದುಕೊಟ್ಟರೆ ಅಮೆರಿಕ ಚಿನ್ನ ಕೊಡುವುದಿಲ್ಲ. ಅಲ್ಲಿಯತನಕ ಔನ್ಸಿಗೆ 35 ಡಾಲರ್‌ನಂತೆ ಕೊಡುತ್ತೇವೆಂಬ ವಚನವಿತ್ತು. ವಿಯೆಟ್ನಾಂ ಯುದ್ಧದ ಖರ್ಚು, ಒಳನಾಡಿನ ಯೋಜನೆಗಳ ಖರ್ಚು, ಹೊರದೇಶಗಳ ಕೈಯಲ್ಲಿ ಬೆಳೆಯುತ್ತಿದ್ದ ಡಾಲರ್ ರಾಶಿ. ಎಲ್ಲರೂ ಒಮ್ಮೆಗೇ ಬಂದು ಕೇಳಿದ್ದರೆ ಕೊಡುವಷ್ಟು ಚಿನ್ನ ಭಂಡಾರದಲ್ಲಿ ಇರಲಿಲ್ಲ. ನಿಕ್ಸನ್ ಚಿನ್ನ ಕೊಡುವ ಕಿಟಕಿ ಮುಚ್ಚಿದರು. ಮರುದಿನ ಷೇರುಪೇಟೆ ಜಿಗಿಯಿತು.

ಲೇಕ್ ಜಾಕ್ಸನ್‌ನ ಡಾಕ್ಟರಿಗೆ ಮಾತ್ರ ಇದು ಹಾಡಹಗಲ ವಂಚನೆಯಾಗಿ ಕಂಡಿತು. ಕೊಟ್ಟ ಚೀಟಿಗೆ ಹಣ ಕೊಡುವುದಿಲ್ಲ ಎಂದು ಅಂಗಡಿಯವನು ಹೇಳಿದರೆ ದಿವಾಳಿ, ಸರ್ಕಾರ ಹೇಳಿದರೆ ನೀತಿಯೇ? ತಾವು ರಾಜಕೀಯಕ್ಕೆ ಬಂದದ್ದು ಆ ಭಾನುವಾರದ ದೆಸೆಯಿಂದ ಎಂದು ಪಾಲ್ ಆಮೇಲೆ ಹೇಳುತ್ತಲೇ ಬಂದರು. ಅದೇ ಸುಮಾರಿಗೆ ಹಾಯೆಕ್ ಅವರ ಗುರುಸಮಾನ ಲುಡ್ವಿಗ್ ಫಾನ್ ಮೀಸಸ್ ಹೂಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತಾರೆಂದು ತಿಳಿದು, ಚಿಕಿತ್ಸಾಲಯಕ್ಕೆ ರಜೆ ಹಾಕಿ ಕಾರು ಹತ್ತಿದರು. ಮುದುಕ ಮೀಸಸ್‌ಗೆ ಆಗ ತೊಂಬತ್ತರ ಆಸುಪಾಸು.

ಇಲ್ಲಿ ಕನ್ನಡದ ಓದುಗರಿಗೆ ಒಂದು ವಿಷಯ ಹತ್ತಿರವಾದೀತು. 1933ರಿಂದ 1974ರ ಕೊನೆಯವರೆಗೆ ಅಮೆರಿಕದ ಸಾಮಾನ್ಯ ಪ್ರಜೆ ಚಿನ್ನದ ಗಟ್ಟಿ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಒಡವೆಗೆ ವಿನಾಯಿತಿಯಿತ್ತು. ನಮ್ಮಲ್ಲಿ 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ತಂದ ಚಿನ್ನ ನಿಯಂತ್ರಣ, ಹದಿನಾಲ್ಕು ಕ್ಯಾರೆಟ್ಟಿನ ಕಟ್ಟಳೆ, ಒಲೆ ಆರಿಸಿ ಕೂತ ಅಕ್ಕಸಾಲಿಗರು ಇನ್ನೂ ಹಿರಿಯರ ನೆನಪಲ್ಲಿದ್ದಾರೆ. ಚಿನ್ನ ನಿಯಂತ್ರಣ ಪೂರ್ತಿ ಹೋದದ್ದು 1990ರಲ್ಲಿ. ಸರ್ಕಾರ ಕಾಗದವನ್ನು ನಂಬು ಎನ್ನುವುದು, ಜನ ಸದ್ದಿಲ್ಲದೆ ಬಂಗಾರವನ್ನು ನಂಬುವುದು ಟೆಕ್ಸಸ್ಸಿಗೆ ಸೀಮಿತವಾದ ಸಂಗತಿಯಲ್ಲ. ವ್ಯತ್ಯಾಸ ಇಷ್ಟೇ: ನಮ್ಮ ಅಜ್ಜಿಯರು ಅದಕ್ಕೆ ಸಿದ್ಧಾಂತದ ಹೆಸರು ಕೊಡಲಿಲ್ಲ.

1974ರಲ್ಲಿ ಪಾಲ್ ರಿಪಬ್ಲಿಕನ್ ಪಕ್ಷದಿಂದ ಪ್ರತಿನಿಧಿ ಸಭೆಗೆ ನಿಂತರು. ವಾಟರ್‌ಗೇಟ್ ಹಗರಣದ ವರ್ಷ, ಆ ಪಕ್ಷದ ಹೆಸರೆತ್ತಿದರೆ ಜನ ಮುಖ ತಿರುಗಿಸುತ್ತಿದ್ದ ಕಾಲ. ಸೋತರು. ಗೆದ್ದಿದ್ದ ರಾಬರ್ಟ್ ಕೇಸಿ ಬೇರೆ ಸರ್ಕಾರಿ ಹುದ್ದೆಗೆ ಹೋದದ್ದರಿಂದ 1976ರ ಏಪ್ರಿಲ್‌ನಲ್ಲಿ ಉಪಚುನಾವಣೆ ನಡೆದು, ಪಾಲ್ ಗೆದ್ದರು. ಅದೇ ನವೆಂಬರ್‌ನಲ್ಲಿ ಬಾಬ್ ಗ್ಯಾಮೇಜ್ ಎದುರು 268 ಮತಗಳಿಂದ ಮತ್ತೆ ಸೋತರು. ತಾವೇ ಹೆರಿಗೆ ಮಾಡಿಸಿದ ಮಕ್ಕಳಿಗೆ ಇನ್ನೂ ಮತದಾನದ ವಯಸ್ಸಾಗಿರಲಿಲ್ಲವಲ್ಲ! 1978ರಲ್ಲಿ ಸಣ್ಣ ಅಂತರದಿಂದ ಸ್ಥಾನ ಮರಳಿ ಪಡೆದರು. ಸಂಸತ್ತಿಗೆ ಹೋದರೂ ಕಸುಬು ಬಿಡಲಿಲ್ಲ. ಸೋಮವಾರ, ಶನಿವಾರ ಊರಲ್ಲಿ ಹೆರಿಗೆ. ನಡುವಿನ ದಿನಗಳಲ್ಲಿ ವಾಷಿಂಗ್ಟನ್‌ನಲ್ಲಿ ‘ಇಲ್ಲ’ ಎಂಬ ಮತ. ಸಂವಿಧಾನ ಸ್ಪಷ್ಟವಾಗಿ ಅಧಿಕಾರ ಕೊಡದ ಯಾವ ಖರ್ಚಿಗೂ ಒಪ್ಪಿಗೆಯಿಲ್ಲ ಎಂಬ ನಿಯಮ ಹಾಕಿಕೊಂಡ ಈ ವೈದ್ಯರಿಗೆ ‘ಡಾಕ್ಟರ್ ನೋ’ ಎಂಬ ಹೆಸರು ಅಂಟಿತು.

ಮೊದಲ ಸುತ್ತಿನ ಮುಖ್ಯ ಘಟನೆ ಚಿನ್ನದ ಆಯೋಗ. 1970ರ ದಶಕದ ಹಣದುಬ್ಬರ ಜನರ ಬೆನ್ನು ಮುರಿದಿತ್ತು. 1980ರ ಜನವರಿಯಲ್ಲಿ ಚಿನ್ನ ಔನ್ಸಿಗೆ 850 ಡಾಲರ್ ಮುಟ್ಟಿತು. ಹಣವನ್ನು ಮತ್ತೆ ಚಿನ್ನಕ್ಕೆ ಕಟ್ಟಬೇಕೇ ಎಂದು ನೋಡಲು ಸಂಸತ್ತು ಹದಿನೇಳು ಜನರ ಆಯೋಗ ರಚಿಸಿತು. ಅದರ ಕಾರ್ಯನಿರ್ವಾಹಕ ನಿರ್ದೇಶಕಿ ಆನಾ ಶ್ವಾರ್ಟ್ಸ್, ಮಿಲ್ಟನ್ ಫ್ರೀಡ್‌ಮನ್ ಜೊತೆ ಅಮೆರಿಕದ ಹಣದ ಇತಿಹಾಸ ಬರೆದ ವಿದುಷಿ. 1982ರಲ್ಲಿ ಬಂದ ಬಹುಮತದ ವರದಿ ಚಿನ್ನದ ಪದ್ಧತಿಗೆ ಮರಳುವುದು ಬೇಡ ಎಂದಿತು. ಪಾಲ್ ಮತ್ತು ಉದ್ಯಮಿ ಲೂಯಿಸ್ ಲೆರ್ಮನ್ ಭಿನ್ನಮತದ ವರದಿ ಬರೆದರು. ಅದು ಪುಸ್ತಕವಾಗಿಯೂ ಬಂತು. ಸೋತ ವಾದದಲ್ಲೂ ಒಂದು ಗೆಲುವಿತ್ತು. ಸರ್ಕಾರವೇ ಚಿನ್ನದ ನಾಣ್ಯ ಹೊರಡಿಸಬಹುದು ಎಂಬ ಶಿಫಾರಸು 1985ರಲ್ಲಿ ಕಾನೂನಾಗಿ, ಮರುವರ್ಷ ‘ಅಮೆರಿಕನ್ ಈಗಲ್’ ನಾಣ್ಯ ಮಾರುಕಟ್ಟೆಗೆ ಬಂತು.

ವಿದ್ವಾಂಸರ ಜಗಳ ಇಲ್ಲೊಂದು ಪ್ಯಾರಾದಷ್ಟು ಕೇಳುತ್ತದೆ. ಮಹಾಕುಸಿತ ಯಾಕಾಯಿತು? 1920ರ ದಶಕದಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಸಾಲವನ್ನು ಅಗ್ಗ ಮಾಡಿದ್ದರಿಂದ ಎಂಬುದು ಪಾಲ್ ನಂಬಿದ ಆಸ್ಟ್ರಿಯನ್ ಪಂಥದ ಮಾತು. ಕುಸಿತ ಶುರುವಾದ ಮೇಲೆ ಅದೇ ಬ್ಯಾಂಕು ಹಣದ ಹರಿವು ಒಣಗಲು ಬಿಟ್ಟಿದ್ದರಿಂದ ಎಂದರು ಫ್ರೀಡ್‌ಮನ್ ಮತ್ತು ಶ್ವಾರ್ಟ್ಸ್. ಬ್ಯಾರಿ ಐಕೆನ್‌ಗ್ರೀನ್ 1992ರ ತಮ್ಮ ಗ್ರಂಥದಲ್ಲಿ ಚಿನ್ನದ ಪದ್ಧತಿಯೇ ಸಂಕೋಲೆಯಾಗಿ ಕಾಯಿಲೆಯನ್ನು ದೇಶದಿಂದ ದೇಶಕ್ಕೆ ಹಬ್ಬಿಸಿತು ಎಂದು ತೋರಿಸಿದರು; ಚಿನ್ನವನ್ನು ಮೊದಲು ಬಿಟ್ಟ ದೇಶಗಳೇ ಮೊದಲು ಚೇತರಿಸಿಕೊಂಡವು ಎಂಬ ಅಂಕಿಅಂಶ ಅವರ ಪರವಾಗಿತ್ತು. ಇಂದಿನ ಬಹುಪಾಲು ಅರ್ಥಶಾಸ್ತ್ರಜ್ಞರು ನಿಂತಿರುವುದು ಈ ಕೊನೆಯ ಎರಡು ಕಡೆ. ಪಾಲ್ ಕದಲಲಿಲ್ಲ.

1984ರಲ್ಲಿ ಸೆನೆಟ್ ಟಿಕೆಟ್ಟಿಗೆ ಪೈಪೋಟಿ ನಡೆಸಿ ಫಿಲ್ ಗ್ರ್ಯಾಮ್ ಎದುರು ಸೋತರು. ಮರಳಿ ಹೆರಿಗೆ ಮಂಚದ ಪಕ್ಕಕ್ಕೆ. 1987ರಲ್ಲಿ ರಿಪಬ್ಲಿಕನ್ ಪಕ್ಷ ಬಿಟ್ಟು, ಮರುವರ್ಷ ಲಿಬರ್ಟೇರಿಯನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ನಿಂತು ನಾಲ್ಕು ಲಕ್ಷ ಮೂವತ್ತು ಸಾವಿರದಷ್ಟು ಮತ ಪಡೆದರು. ಶೇಕಡಾ ಅರ್ಧಕ್ಕಿಂತ ಕಡಿಮೆ. ರಾಜಕೀಯವಾಗಿ ಇದು ಅಜ್ಞಾತವಾಸ. ಹಣದ ದೃಷ್ಟಿಯಿಂದ ನೋಡಿದರೆ ಅವರ ಜೀವನದ ಬಲು ಚುರುಕಾದ ವರ್ಷಗಳಿವು, ಮತ್ತು ಇಡೀ ಕತೆಯ ಕಪ್ಪು ಅಧ್ಯಾಯವೂ ಹೌದು.

ಅವರ ಹೆಸರಿನಲ್ಲಿ ನಾಣ್ಯದ ವ್ಯಾಪಾರವೊಂದಿತ್ತು. ಜೊತೆಗೆ ‘ರಾನ್ ಪಾಲ್ ಅಂಡ್ ಅಸೋಸಿಯೇಟ್ಸ್’ ಎಂಬ ಕಂಪನಿ ಅಂಚೆಯ ಮೂಲಕ ಚಂದಾದಾರರಿಗೆ ಸುದ್ದಿಪತ್ರಗಳನ್ನು ಕಳಿಸುತ್ತಿತ್ತು: ಒಂದು ರಾಜಕೀಯಕ್ಕೆ, ಒಂದು ಹೂಡಿಕೆಗೆ, ಒಂದು ಬರಲಿರುವ ಆಪತ್ತಿನಿಂದ ಉಳಿದುಕೊಳ್ಳುವ ಬಗೆಗೆ. ತೆರಿಗೆ ದಾಖಲೆಯೊಂದರ ಪ್ರಕಾರ 1993ರ ಸುಮಾರಿಗೆ ಆ ಕಂಪನಿಯ ವರ್ಷದ ಆದಾಯ 9,40,000 ಡಾಲರ್. ಕರಾವಳಿಯ ಸಣ್ಣ ಊರಿನ ಪ್ರಸೂತಿ ವೈದ್ಯರೊಬ್ಬರ ಪಕ್ಕದ ವ್ಯವಹಾರಕ್ಕೆ ಇದು ಸಣ್ಣ ಮೊತ್ತವಲ್ಲ. ಭಯಕ್ಕೆ ಚಂದಾದಾರರು ಸಿಗುತ್ತಾರೆ.

ಆ ಹಾಳೆಗಳಲ್ಲಿ ಚಿನ್ನದ ಭವಿಷ್ಯದ ಜೊತೆ ಬೇರೆಯದೂ ಇತ್ತು. 1992ರ ಲಾಸ್ ಏಂಜಲೀಸ್ ಗಲಭೆಯ ಬಗ್ಗೆ ಬರೆಯುತ್ತ ಕಪ್ಪು ಜನರನ್ನು ಹೀನಾಯವಾಗಿ ಜರೆದ ಬರಹ. ಸಲಿಂಗಿಗಳ ಮೇಲೆ ವಿಷ. ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಕೊಳಕು ಮಾತು. ಬರೆದವರ ಹೆಸರಿರುತ್ತಿರಲಿಲ್ಲ. ತಲೆಬರಹದಲ್ಲಿ ಮಾತ್ರ ರಾನ್ ಪಾಲ್. 1996ರ ಚುನಾವಣೆಯಲ್ಲಿ ಎದುರಾಳಿ ಇದನ್ನು ಎತ್ತಿದಾಗ, ಸಂದರ್ಭದಿಂದ ಕಿತ್ತು ತೋರಿಸುತ್ತಿದ್ದಾರೆ ಎಂದು ಪಾಲ್ ಕಡೆಯವರು ಸಮರ್ಥಿಸಿಕೊಂಡರು. 2001ರಲ್ಲಿ ಟೆಕ್ಸಸ್ ಮಂತ್ಲಿ ಪತ್ರಿಕೆಗೆ, ಅವು ತಮ್ಮ ಬರಹವೇ ಅಲ್ಲ ಎಂದರು. 2008ರ ಜನವರಿಯಲ್ಲಿ ನ್ಯೂ ರಿಪಬ್ಲಿಕ್ ಪತ್ರಿಕೆ ಹಳೆಯ ಸಂಚಿಕೆಗಳನ್ನು ಹೊರಗೆಳೆದಾಗ, ನೈತಿಕ ಹೊಣೆ ನನ್ನದು, ಬರೆದದ್ದು ನಾನಲ್ಲ, ಆ ಮಾತುಗಳನ್ನು ಒಪ್ಪುವುದೂ ಇಲ್ಲ ಎಂದರು. ಯಾರ ಕೈಬರಹ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಬೆನ್ನಿಗೆ ಚಿನ್ನವಿಲ್ಲದೆ ಸಹಿ ಹಾಕಿ ಹೊರಡಿಸಿದ ಕಾಗದ ಮೋಸ ಎಂದು ಬದುಕಿಡೀ ವಾದಿಸಿದ ಮನುಷ್ಯ, ತನ್ನ ಹೆಸರು ಹೊತ್ತು ಹೊರಟ ಕಾಗದಗಳಿಗೆ ಬೆಲೆ ಕಟ್ಟುವ ದಿನ ಬಂದಾಗ ಕಿಟಕಿ ಮುಚ್ಚಿದರು. ನಿಕ್ಸನ್ ಮಾಡಿದ್ದು ಇನ್ನೇನು?

1996ರ ಗೆಲುವು ಮಾತ್ರ ಅಚ್ಚರಿಯದು. ಪಕ್ಷದ ದೊಡ್ಡವರೆಲ್ಲ, ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಸೇರಿ, ಡೆಮಾಕ್ರಟಿಕ್ ಪಕ್ಷದಿಂದ ಹಾರಿಬಂದಿದ್ದ ಗ್ರೆಗ್ ಲಾಫ್ಲಿನ್ ಬೆನ್ನಿಗೆ ನಿಂತಿದ್ದರು. ಪಾಲ್ ತಮ್ಮ ಸುದ್ದಿಪತ್ರದ ಕಾಲದ ಪಟ್ಟಿಯಲ್ಲಿದ್ದ ದೇಶದುದ್ದದ ಸಣ್ಣ ದಾನಿಗಳಿಂದ ಹಣ ಎತ್ತಿ, ಒಳಚುನಾವಣೆಯಲ್ಲೇ ಲಾಫ್ಲಿನ್‌ಗೆ ಮಣ್ಣು ಮುಕ್ಕಿಸಿದರು. ನವೆಂಬರ್‌ನಲ್ಲಿ ಲೆಫ್ಟಿ ಮಾರಿಸ್ ಅವರನ್ನು ಕೂದಲೆಳೆಯಲ್ಲಿ ಸೋಲಿಸಿ, ಹನ್ನೆರಡು ವರ್ಷದ ಮೇಲೆ ವಾಷಿಂಗ್ಟನ್‌ಗೆ ಮರಳಿದರು.

ವೈದ್ಯರು ಶಾಸಕರಾದರೆ ಹಣದ ವಿಚಾರದಲ್ಲಿ ಏನೇನು ಪೇಚು ಬರುತ್ತದೆ ಎಂಬುದಕ್ಕೆ ಆ ಕಾಲದ ವಾಷಿಂಗ್ಟನ್‌ನಲ್ಲಿ ಉದಾಹರಣೆಗಳು ಬೇಕಾದಷ್ಟಿದ್ದವು. ಒಕ್ಲಹೋಮದ ಟಾಮ್ ಕೋಬರ್ನ್ ಕೂಡ ಹೆರಿಗೆ ಡಾಕ್ಟರೇ, ಅವರಿಗೂ ‘ಡಾಕ್ಟರ್ ನೋ’ ಎಂಬ ಹೆಸರೇ. ಸೆನೆಟ್ ನೀತಿ ಸಮಿತಿ ಫೀಸು ಪಡೆದು ವೈದ್ಯ ಮಾಡುವಂತಿಲ್ಲ ಎಂದಾಗ ಜಗಳಕ್ಕೆ ನಿಂತು, ಕೊನೆಗೆ ಪುಕ್ಕಟೆ ಹೆರಿಗೆ ಮಾಡಿಸುತ್ತ ಹೋದರು. ಟೆನೆಸೀಯ ಹೃದಯ ಶಸ್ತ್ರವೈದ್ಯ ಬಿಲ್ ಫ್ರಿಸ್ಟ್ ಅವರ ಸಮಸ್ಯೆ ಶ್ರೀಮಂತರದು. ತಂದೆ ಮತ್ತು ಅಣ್ಣ ಸ್ಥಾಪಿಸಿದ ಎಚ್‌ಸಿಎ ಆಸ್ಪತ್ರೆ ಸಮೂಹದ ಷೇರುಗಳನ್ನು 2005ರಲ್ಲಿ ಬೆಲೆ ಬೀಳುವ ಸ್ವಲ್ಪ ಮುಂಚೆ ಮಾರಿಸಿದ್ದಕ್ಕೆ ತನಿಖೆ ಎದುರಿಸಿದರು; 2007ರಲ್ಲಿ ಯಾವ ಆರೋಪವೂ ಇಲ್ಲದೆ ಅದು ಮುಗಿಯಿತು. ಇವರ ಪಕ್ಕದಲ್ಲಿ ಪಾಲ್ ಲೆಕ್ಕ ಸರಳ. ಸಂಸತ್ ಸದಸ್ಯರ ಪಿಂಚಣಿ ಯೋಜನೆಗೆ ಸೇರಲಿಲ್ಲ. ಸರ್ಕಾರಿ ಖರ್ಚಿನ ವಿದೇಶ ಪ್ರವಾಸಕ್ಕೆ ಹೋಗಲಿಲ್ಲ. ಕಚೇರಿ ಖರ್ಚಿಗೆ ಕೊಟ್ಟ ಹಣದಲ್ಲಿ ಉಳಿದದ್ದನ್ನು ಖಜಾನೆಗೆ ಹಿಂದಿರುಗಿಸುತ್ತಿದ್ದರು.

1999ರಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಅವರಿಗೆ ಸಂಸತ್ತಿನ ಚಿನ್ನದ ಪದಕ ಕೊಡುವ ಮಸೂದೆ ಬಂತು. 424 ಜನ ಹೌದು ಎಂದರು. ಇಲ್ಲ ಎಂದದ್ದು ಒಬ್ಬರೇ, ಚಿನ್ನದ ಆರಾಧಕ ರಾನ್ ಪಾಲ್. ಪದಕ ಕೊಡೋಣ, ಆದರೆ ಜನರ ತೆರಿಗೆಯಿಂದ ಬೇಡ. ನಾನು ನೂರು ಡಾಲರ್ ಹಾಕುತ್ತೇನೆ, ನೀವೆಲ್ಲರೂ ಹಾಕಿ ಎಂದು ಸಭೆಗೆ ಸವಾಲು ಹಾಕಿದರು. ಯಾರೂ ಜೇಬಿಗೆ ಕೈ ಹಾಕಲಿಲ್ಲ. ಸವಾಲಿನಲ್ಲಿ ತರ್ಕವಿದೆ. ಆದರೆ ಮೇಲಿನ ಸುದ್ದಿಪತ್ರಗಳನ್ನು ಓದಿದವರಿಗೆ ಆ ಒಂಟಿ ಮತ ಬರೀ ತರ್ಕವಾಗಿ ಕಾಣುವುದು ಕಷ್ಟ.

ಸೀಗಡಿಯ ಕತೆ ಇನ್ನೂ ಸ್ವಾರಸ್ಯದ್ದು. ಪಾಲ್ ಕ್ಷೇತ್ರ ಗಲ್ಫ್ ಕರಾವಳಿಯದು, ಮೀನುಗಾರರದು. 2007ರಲ್ಲಿ ಅವರು ತಮ್ಮ ಕ್ಷೇತ್ರಕ್ಕೆಂದು ಸುಮಾರು 40 ಕೋಟಿ ಡಾಲರ್ ಮೊತ್ತದ ಅನುದಾನದ ಬೇಡಿಕೆಗಳನ್ನು ಸಲ್ಲಿಸಿದ್ದರು. ಅದರಲ್ಲಿ ಕಡಲ ಸೀಗಡಿಯ ಮಾರಾಟ ಪ್ರಚಾರಕ್ಕೆ 80 ಲಕ್ಷ ಡಾಲರ್ ಕೂಡ ಇತ್ತು. ಬೇಡಿಕೆ ಮಸೂದೆಗೆ ಸೇರುತ್ತದೆ, ಪಾಲ್ ಮಸೂದೆಯ ವಿರುದ್ಧ ಮತ ಹಾಕುತ್ತಾರೆ, ಮಸೂದೆ ಹೇಗೂ ಪಾಸಾಗುತ್ತದೆ, ಕ್ಷೇತ್ರಕ್ಕೆ ಹಣ ಬರುತ್ತದೆ. ಜನರಿಂದ ಈಗಾಗಲೇ ಕಿತ್ತುಕೊಂಡ ತೆರಿಗೆಯಲ್ಲಿ ಒಂದಿಷ್ಟನ್ನು ಜನರಿಗೇ ಮರಳಿಸುತ್ತಿದ್ದೇನೆ ಎಂಬುದು ಅವರ ಉತ್ತರ. ಮಡಿಯೂ ಕೆಡಬಾರದು, ಊಟವೂ ತಪ್ಪಬಾರದು.

ಆದರೆ ಅವರನ್ನು ದೇಶಕ್ಕೆ ಪರಿಚಯಿಸಿದ್ದು ಹಣವಲ್ಲ, ಯುದ್ಧ. 2002ರಲ್ಲಿ ಇರಾಕ್ ಮೇಲಿನ ಯುದ್ಧಕ್ಕೆ ವಿರೋಧವಾಗಿ ಮತ ಹಾಕಿದ ರಿಪಬ್ಲಿಕನ್ ಸದಸ್ಯರು ಪ್ರತಿನಿಧಿ ಸಭೆಯಲ್ಲಿ ಆರೇ ಜನ; ಪಾಲ್ ಅವರಲ್ಲೊಬ್ಬರು. 2007ರ ಮೇ ತಿಂಗಳಲ್ಲಿ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿಗಳ ಚರ್ಚೆಯಲ್ಲಿ, 2001ರ ಸೆಪ್ಟೆಂಬರ್ 11ರ ದಾಳಿಯ ಮಾತು ಬಂದಾಗ, ನಾವು ಮಧ್ಯಪ್ರಾಚ್ಯದಲ್ಲಿ ಮಾಡಿದ್ದರ ಮರುಹೊಡೆತ ನಮಗೆ ಬಿದ್ದಿದೆ ಎಂದು ಹೇಳಿದರು. ನ್ಯೂಯಾರ್ಕ್‌ನ ಮಾಜಿ ಮೇಯರ್ ಜೂಲಿಯಾನಿ ಸಿಡಿದೆದ್ದರು, ಸಭಾಂಗಣ ಚಪ್ಪಾಳೆ ತಟ್ಟಿತು. ಪಾಲ್ ಮುಗಿದರು ಎಂದು ಪಂಡಿತರು ಬರೆದರು. ಆದರೆ ಟಿವಿಯ ಮುಂದಿದ್ದ ಹುಡುಗರು ಬೇರೆ ಏನನ್ನೋ ಕೇಳಿಸಿಕೊಂಡಿದ್ದರು. ಆ ನವೆಂಬರ್ 5ರಂದು ಒಂದೇ ದಿನ, ಇಂಟರ್ನೆಟ್ ಮೂಲಕ, 42 ಲಕ್ಷ ಡಾಲರ್ ಹರಿದುಬಂತು. ಡಿಸೆಂಬರ್ 16ರಂದು, ಬಾಸ್ಟನ್‌ನಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆಸೆದ ದಿನದ ನೆನಪಿಗೆ, ಮತ್ತೆ 60 ಲಕ್ಷ. ವರ್ಷದ ಆ ಕೊನೆಯ ಮೂರು ತಿಂಗಳಲ್ಲಿ ಅವರಷ್ಟು ಹಣ ಎತ್ತಿದ ರಿಪಬ್ಲಿಕನ್ ಅಭ್ಯರ್ಥಿ ಬೇರೊಬ್ಬರಿರಲಿಲ್ಲ. ಇದು ಕಾರ್ಯಕರ್ತರು ತಾವಾಗಿ ಹಮ್ಮಿಕೊಂಡದ್ದು. ಪಾಲ್ ಕಚೇರಿಗೂ ಅದು ಬೆರಗಿನ ಸುದ್ದಿ.

ಅದೇ ನವೆಂಬರ್‌ನಲ್ಲಿ ಇಂಡಿಯಾನಾದ ಇವಾನ್ಸ್‌ವಿಲ್‌ನಲ್ಲಿ ಒಂದು ಖಾಸಗಿ ಟಂಕಶಾಲೆಯವರ ಕಚೇರಿಯ ಮೇಲೆ ಎಫ್‌ಬಿಐ ದಾಳಿ ನಡೆಯಿತು. ‘ಲಿಬರ್ಟಿ ಡಾಲರ್’ ಎಂಬ ಪರ್ಯಾಯ ನಾಣ್ಯ ಹೊರಡಿಸುತ್ತಿದ್ದವರು ಅವರು. ಪೊಲೀಸರು ಹೊತ್ತೊಯ್ದ ಮಾಲಿನಲ್ಲಿ ಸುಮಾರು ಎರಡು ಟನ್ ತೂಕದ ತಾಮ್ರದ ನಾಣ್ಯಗಳಿದ್ದವು. ಎಲ್ಲದರ ಮೇಲೂ ರಾನ್ ಪಾಲ್ ಮುಖ. ಪ್ರಚಾರ ಸಮಿತಿಗೂ ಅದಕ್ಕೂ ಸಂಬಂಧವಿರಲಿಲ್ಲ. ಹೆಸರನ್ನು ಬಂಗಾರವಾಗಿಸಲು ಹೊರಟವರ ಕೈಯಲ್ಲಿ ಅದು ತಾಮ್ರವಾದದ್ದು ವಿಧಿಯ ತಮಾಷೆ.

ಪಕ್ಷದ ಉಮೇದುವಾರಿಕೆ ಸಿಗಲಿಲ್ಲ. ಮರುವರ್ಷ ಬ್ಯಾಂಕುಗಳು ಕುಸಿದವು, ಕೇಳುಗರು ಸಿಕ್ಕರು. ವಾಲ್ ಸ್ಟ್ರೀಟನ್ನು ಉಳಿಸಲು ಫೆಡರಲ್ ರಿಸರ್ವ್ ನೋಟಿನ ನೀರು ಹರಿಸುವಾಗ, ಮೂವತ್ತು ವರ್ಷ ಯಾರೂ ಕಿವಿಗೊಡದ ಮುದುಕನ ಮಾತಿಗೆ ಕಾಲೇಜು ಹುಡುಗರು ನೆರೆಯತೊಡಗಿದರು. 2011ರಲ್ಲಿ ಪಕ್ಷಕ್ಕೆ ಬಹುಮತ ಬಂದಾಗ ಹಣನೀತಿಯ ಉಪಸಮಿತಿಗೆ ಪಾಲ್ ಅಧ್ಯಕ್ಷರಾದರು. ಆ ಜುಲೈ 13ರಂದು ಫೆಡರಲ್ ರಿಸರ್ವ್ ಮುಖ್ಯಸ್ಥ ಬೆನ್ ಬರ್ನಾಂಕಿ ಸಂಸತ್ ಸಮಿತಿಯ ಮುಂದೆ ಕೂತಿದ್ದರು. ಚಿನ್ನ ಅಂದು 1,580 ಡಾಲರ್ ಆಸುಪಾಸು. ಪಾಲ್ ಕೇಳಿದರು: ಚಿನ್ನ ಹಣವೇ? ಬರ್ನಾಂಕಿ ಒಂದು ಕ್ಷಣ ತಡೆದು, ಅಲ್ಲ, ಅದು ಬೆಲೆಬಾಳುವ ಲೋಹ ಎಂದರು. ಹಾಗಾದರೆ ಕೇಂದ್ರ ಬ್ಯಾಂಕುಗಳು ಅದನ್ನು ಯಾಕೆ ಇಟ್ಟುಕೊಂಡಿವೆ? ದೀರ್ಘಕಾಲದ ಪರಂಪರೆ ಎಂಬುದು ಉತ್ತರ. ಅಮೆರಿಕದ ಖಜಾನೆಯಲ್ಲಿ 8,133 ಟನ್‌ನಷ್ಟು ಈ ಪರಂಪರೆ ಇದೆ. ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ 1973ರಿಂದಲೂ ಔನ್ಸಿಗೆ 42.22 ಡಾಲರ್ ಎಂದೇ ಬರೆದಿದೆ.

ಆ ಕ್ಷಣವೇ ಪಾಲ್ ಬದುಕಿನ ಶಿಖರ. 2012ರ ಜನವರಿಯಲ್ಲಿ ಅಯೋವಾದಲ್ಲಿ ಮೂರನೇ ಸ್ಥಾನ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಎರಡನೇ ಸ್ಥಾನ. ಜುಲೈನಲ್ಲಿ ಫೆಡರಲ್ ರಿಸರ್ವ್ ಲೆಕ್ಕ ತಪಾಸಣೆಯ ಅವರ ಮಸೂದೆ ಪ್ರತಿನಿಧಿ ಸಭೆಯಲ್ಲಿ 327–98 ಮತಗಳಿಂದ ಪಾಸಾಯಿತು. ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಲೆಕ್ಕ ತಪಾಸಿಗರ ಲೆಕ್ಕವನ್ನೂ ಜನ ತಪಾಸಿಸತೊಡಗಿದ್ದರು. ಒಂದೇ ವಿಮಾನ ಪ್ರಯಾಣಕ್ಕೆ ಸರ್ಕಾರದಿಂದಲೂ ಪಾಲ್ ಸಂಬಂಧದ ಸಂಸ್ಥೆಗಳಿಂದಲೂ ಎರಡೆರಡು ಸಲ ಹಣ ಬಂದಂತೆ ಕಾಣುವ ದಾಖಲೆಗಳನ್ನು ವಾಷಿಂಗ್ಟನ್‌ನ ರೋಲ್ ಕಾಲ್ ಪತ್ರಿಕೆ ಅದೇ ವರ್ಷ ಪ್ರಕಟಿಸಿತು. ಉದ್ದೇಶವಿಲ್ಲದೆ ಆದ ಲೆಕ್ಕದ ತಪ್ಪಿರಬಹುದು ಎಂದರು ಅವರ ಕಡೆಯವರು. ಅಯೋವಾದ ರಾಜ್ಯ ಸೆನೆಟರ್ ಒಬ್ಬರನ್ನು ತಮ್ಮ ಕಡೆ ಸೆಳೆಯಲು ಕೊಟ್ಟ 73,000 ಡಾಲರ್ ಮುಚ್ಚಿಟ್ಟ ಪ್ರಕರಣದಲ್ಲಿ ಪ್ರಚಾರದ ಹಿರಿಯ ಸಹಾಯಕರು, ಮೊಮ್ಮಗಳ ಗಂಡ ಜೆಸ್ಸಿ ಬೆಂಟನ್ ಸೇರಿದಂತೆ, 2016ರಲ್ಲಿ ಶಿಕ್ಷೆಗೊಳಗಾದರು. ಪಾಲ್ ಮೇಲೆ ಆರೋಪ ಹೊರಿಸಲಿಲ್ಲ. ಬೆಂಟನ್‌ಗೆ 2020ರ ಡಿಸೆಂಬರ್‌ನಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟರು.

2013ರ ಜನವರಿಯಲ್ಲಿ ಪಾಲ್ ಸಂಸತ್ತು ಬಿಟ್ಟರು. ಅವರ ನಮೂನೆಯ ಗಣಿ ಷೇರುಗಳ ಗತಿಯೇನಾಯಿತು? 2011ರ ಸೆಪ್ಟೆಂಬರ್‌ನಲ್ಲಿ 1,900 ಡಾಲರ್ ಮುಟ್ಟಿದ್ದ ಚಿನ್ನ 2015ರ ಕೊನೆಗೆ 1,050ರ ಹತ್ತಿರಕ್ಕೆ ಇಳಿಯಿತು. ಗಣಿ ಕಂಪನಿಗಳ ಷೇರು ಇನ್ನೂ ಕೆಳಗೆ, ಐದರಲ್ಲಿ ನಾಲ್ಕು ಪಾಲು ಕರಗಿದವು. ಚಿನ್ನದ ಚರಿತ್ರೆಯಲ್ಲಿ ಇದು ಹೊಸದಲ್ಲ. 1980ರಲ್ಲಿ 850 ಡಾಲರ್‌ಗೆ ಕೊಂಡವರು ಅದೇ ಬೆಲೆಯನ್ನು ಮತ್ತೆ ನೋಡಲು 2008ರವರೆಗೆ ಕಾದಿದ್ದರು. ಆ ನಡುವೆ ಡಾಲರ್ ಕುಸಿದು ಬಿದ್ದಿರಲೂ ಇಲ್ಲ. ಆದರೆ ಕಾಲಚಕ್ರ ಮತ್ತೆ ತಿರುಗಿ 2025ರ ಅಕ್ಟೋಬರ್‌ನಲ್ಲಿ ಔನ್ಸಿನ ಬೆಲೆ 4,000 ಡಾಲರ್ ದಾಟಿತು. 2022ರಿಂದ ಮೂರು ವರ್ಷ ಸತತವಾಗಿ ಕೇಂದ್ರ ಬ್ಯಾಂಕುಗಳು ವರ್ಷಕ್ಕೆ ಸಾವಿರ ಟನ್‌ಗಿಂತ ಹೆಚ್ಚು ಚಿನ್ನ ಕೊಂಡವು. ನಮ್ಮ ರಿಸರ್ವ್ ಬ್ಯಾಂಕ್ 2024ರಲ್ಲಿ ಬ್ರಿಟನ್ನಿನಲ್ಲಿಟ್ಟಿದ್ದ ನೂರು ಟನ್ ಚಿನ್ನವನ್ನು ಮನೆಗೆ ತಂದುಕೊಂಡಿತು.

ಪಾಲ್ ಅವರ ಮಗ ರ‍್ಯಾಂಡ್ ಪಾಲ್ ಕಣ್ಣಿನ ಡಾಕ್ಟರು. ತಂದೆ ಓದಿದ ಡ್ಯೂಕ್‌ನಲ್ಲೇ ಓದಿ, 2010ರಲ್ಲಿ ಕೆಂಟಕಿಯಿಂದ ಸೆನೆಟ್‌ಗೆ ಗೆದ್ದರು. ತಂದೆಯ ಲೆಕ್ಕ ತಪಾಸಣೆ ಮಸೂದೆಯನ್ನು ಅವರೂ ಹೊತ್ತು ನಡೆದರು. 2016ರಲ್ಲಿ ಬೇಕಾದ ಅರವತ್ತು ಮತ ಸಿಗದೆ ಬಿತ್ತು. ಇನ್ನು ಅವರದೇ ಮನೆಯ ಲೆಕ್ಕ. 2012ರ ಕಾನೂನಿನಂತೆ ಸದಸ್ಯರಾಗಲಿ ಅವರ ಸಂಗಾತಿಯಾಗಲಿ ಷೇರು ಕೊಂಡರೆ 45 ದಿನದೊಳಗೆ ತಿಳಿಸಬೇಕು. 2020ರ ಫೆಬ್ರವರಿ 26ರಂದು, ಕೋವಿಡ್ ಅಮೆರಿಕಕ್ಕೆ ಕಾಲಿಡುತ್ತಿದ್ದ ವಾರಗಳಲ್ಲಿ, ರ‍್ಯಾಂಡ್ ಪಾಲ್ ಪತ್ನಿ ರೆಮ್‌ಡೆಸಿವಿರ್ ಔಷಧ ತಯಾರಿಸುವ ಗಿಲಿಯಡ್ ಕಂಪನಿಯ ಷೇರು ಕೊಂಡಿದ್ದರು. ಅದು ದಾಖಲೆಗೆ ಬಂದದ್ದು 2021ರ ಆಗಸ್ಟ್‌ನಲ್ಲಿ, ಹದಿನಾರು ತಿಂಗಳು ತಡವಾಗಿ. ನಮೂನೆ ಆಗಲೇ ತುಂಬಿಟ್ಟಿತ್ತು, ಕಳಿಸುವುದು ಬಿಟ್ಟುಹೋಗಿತ್ತು, ಮೇಲಾಗಿ ಆ ಷೇರಿನಲ್ಲಿ ನಷ್ಟವೇ ಆಯಿತು ಎಂದಿತು ಸೆನೆಟರ್ ಕಚೇರಿ. ಗುರುತು ಹಾಕಿದ್ದ ಖಾನೆ 1,001ರಿಂದ 15,000 ಡಾಲರ್.